ಕಚೇರಿಗೆ ಏನು ತೊಟ್ಟು ಬರಬೇಕೆಂದು ಯಾರೂ ಹೇಳುವುದಿಲ್ಲ

ಸಾಫ್ಟ್‌ವೇರ್ ಕಂಪನಿಗಳಲ್ಲಿ ಉಡುಪಿನ ಕಟ್ಟುಪಾಡು ಸಡಿಲವಾದದ್ದನ್ನು ನಮ್ಮ ವೃತ್ತಿಯವರೆಲ್ಲ ಸ್ವಾತಂತ್ರ್ಯವೆಂದೇ ಕರೆಯುತ್ತಾರೆ. ಟೈ ಹೋಯಿತು, ಇನ್‌ಷರ್ಟ್ ಹೋಯಿತು, ಜೀನ್ಸ್ ಬಂತು, ಟೀ ಷರ್ಟ್ ಬಂತು. ನಾನೂ ಟೀ ಷರ್ಟ್ ತೊಟ್ಟೇ ಕೆಲಸಕ್ಕೆ ಹೋಗುವವನು. ಟೈ ಮರಳಿ ಬರಲಿ ಎಂಬ ಆಸೆ ನನಗಿಲ್ಲ. ಆದರೂ ಬೆಂಗಳೂರಿನ ಕಚೇರಿಗಳಲ್ಲಿ ಇಷ್ಟು ವರ್ಷ ದುಡಿದು, ಕಾಲೇಜಿನಿಂದ ನೇರವಾಗಿ ಬರುವ ಹುಡುಗ ಹುಡುಗಿಯರನ್ನು ಪ್ರತಿವರ್ಷ ತಂಡಕ್ಕೆ ಸೇರಿಸಿಕೊಂಡ ಮೇಲೆ ಒಂದು ಮಾತು ನನಗೆ ಖಚಿತವಾಗಿದೆ. ಕಾಗದದ ಮೇಲಿದ್ದ ನಿಯಮವನ್ನು ಅಳಿಸಿದ ಮಾತ್ರಕ್ಕೆ ನಿಯಮ ಇಲ್ಲವಾಗಲಿಲ್ಲ, ಅದು ಬರೆಯದ ನಿಯಮವಾಗಿ ಉಳಿದುಕೊಂಡಿತು. ಬರೆದದ್ದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಬರೆಯದೇ ಇರುವುದು ಗೊತ್ತಾಗುವುದು ಅಂಥದೇ ಪರಿಸರದಲ್ಲಿ ಬೆಳೆದವರಿಗೆ ಮಾತ್ರ.

ನಾನು ಗದಗಿನ ಕಡೆಯವನು. ತಿಂಗಳ ಸಂಬಳದ ನೌಕರಿಗೆ ನಮ್ಮ ಮನೆಯಿಂದ ನನಗಿಂತ ಮೊದಲು ಯಾರೂ ಹೋಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಕ್ಯಾಂಪಸ್ ಸೆಲೆಕ್ಷನ್ ಆಗಿ, ಕೆಲಸಕ್ಕೆ ಸೇರುವ ಮುನ್ನ ಕಂಪನಿಯಿಂದ ಬಂದ ಕಾಗದಗಳಲ್ಲಿ ಉಡುಪಿಗೆಂದೇ ಒಂದು ಪುಟವಿತ್ತು. ತುಂಬುತೋಳಿನ ಷರ್ಟು, ಗಾಢ ಬಣ್ಣದ ಪ್ಯಾಂಟು, ಕಪ್ಪು ಚರ್ಮದ ಬೂಟು, ಬೂಟಿನ ಬಣ್ಣದ್ದೇ ಬೆಲ್ಟು, ವಾರದ ಮೊದಲ ದಿನಗಳಲ್ಲಿ ಟೈ, ದಿನವೂ ಕ್ಷೌರ ಅಥವಾ ಒಪ್ಪವಾಗಿ ಕತ್ತರಿಸಿದ ಗಡ್ಡ. ಅಪ್ಪ ಆ ಪುಟವನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನನ್ನನ್ನು ಬಟ್ಟೆ ಅಂಗಡಿಗೂ ಅಲ್ಲಿಂದ ನಮ್ಮ ಟೇಲರ್ ಕಾಕಾನ ಬಳಿಗೂ ಕರೆದುಕೊಂಡು ಹೋದರು. ಕಾಕಾ ಪುಟವನ್ನು ನನ್ನಿಂದ ಓದಿಸಿ ಕೇಳಿ, “ನಾಕು ಷರ್ಟ್ ಸಾಕ್ರಿ. ಎರಡು ಬಿಳೇವು, ಎರಡು ತಿಳಿನೀಲಿ. ಪ್ಯಾಂಟ್ ಎರಡ ಇರ್ಲಿ, ಒಂದು ಕರೀದು, ಒಂದು ಬೂದಿಬಣ್ಣದ್ದು. ಅದರಾಗ ವಾರ ದಾಟತೈತಿ” ಎಂದರು. ಎಷ್ಟು ಖರ್ಚಾಗುತ್ತದೆ, ಎಲ್ಲಿಗೆ ನಿಲ್ಲಿಸಿದರೆ ಸಾಕು ಎಂಬ ಎರಡೂ ಅಪ್ಪನಿಗೆ ಅಲ್ಲಿಯೇ ತಿಳಿದವು. ಇಂಥದ್ದನ್ನು ಎಂದೂ ಉಟ್ಟು ತೊಟ್ಟು ಅರಿಯದ ಮನೆಯೊಂದು ತನ್ನ ಮಗನನ್ನು ನಗರದ ಕಚೇರಿಗೆ ಅಣಿಮಾಡಲು ಒಂದು ಪುಟ ಸಾಕಾಗಿತ್ತು.

ಟೈ ಕಟ್ಟುವುದು ಮಾತ್ರ ಪುಟ ಓದಿ ಬರುವ ವಿದ್ಯೆಯಾಗಿರಲಿಲ್ಲ. ಬಿ.ಟಿ.ಎಂ. ಲೇಔಟಿನ ನಮ್ಮ ಪಿ.ಜಿ.ಯಲ್ಲಿ ಅದು ಬರುತ್ತಿದ್ದುದು ದಾವಣಗೆರೆಯ ಗೆಳೆಯನೊಬ್ಬನಿಗೆ ಮಾತ್ರ. ಭಾನುವಾರ ರಾತ್ರಿ ಊಟವಾದ ಮೇಲೆ ಅವನು ಎಲ್ಲರ ಟೈಗಳನ್ನೂ ತನ್ನ ಕೊರಳಿಗೆ ಹಾಕಿಕೊಂಡು ಒಂದೊಂದಾಗಿ ಗಂಟು ಹಾಕಿ, ತಲೆ ತೂರುವಷ್ಟು ಕುಣಿಕೆ ಬಿಟ್ಟು, ಕಿಟಕಿಯ ಸರಳಿಗೆ ಸಾಲಾಗಿ ನೇತುಹಾಕುತ್ತಿದ್ದ. ಬೆಳಿಗ್ಗೆ ನಾವು ತಲೆ ತೂರಿಸಿ ಗಂಟನ್ನು ಕಾಲರಿನವರೆಗೆ ಎಳೆದುಕೊಳ್ಳುತ್ತಿದ್ದೆವು. ಸಂಜೆ ಬಿಚ್ಚುವಾಗ ಗಂಟು ಕಳಚದಂತೆ ಜೋಪಾನ ಮಾಡುತ್ತಿದ್ದೆವು. ಏಪ್ರಿಲ್ ತಿಂಗಳಿನ ಬಸ್ಸಿನಲ್ಲಿ ಆ ಟೈ ಹಿಂಸೆಯಾಗಿತ್ತು ನಿಜ. ಆದರೆ ಗದಗಿನವನು, ದಾವಣಗೆರೆಯವನು, ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದಿದವನು ಸೋಮವಾರ ಒಂದೇ ಬಗೆಯಾಗಿ ಕಾಣುತ್ತಿದ್ದರು ಎಂಬುದೂ ಅಷ್ಟೇ ನಿಜ.

ಈ ಬಿಳಿ ಷರ್ಟು ಮತ್ತು ಟೈ ಕಂಪ್ಯೂಟರಿನ ಕೆಲಸಕ್ಕೆ ಅಂಟಿಕೊಂಡದ್ದು ಹೇಗೆ ಎಂಬುದಕ್ಕೆ ಒಂದು ಸ್ಪಷ್ಟವಾದ ಚರಿತ್ರೆಯಿದೆ. ಐ.ಬಿ.ಎಂ. ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯನ್ನು ಕಟ್ಟಿ ಬೆಳೆಸಿದ ಥಾಮಸ್ ವಾಟ್ಸನ್ ತಮ್ಮ ಮಾರಾಟಗಾರರು ಗಾಢ ಬಣ್ಣದ ಸೂಟು, ಬಿಳಿ ಷರ್ಟು, ಗಟ್ಟಿ ಕಾಲರಿನಲ್ಲಿಯೇ ಇರಬೇಕೆಂದು ಬಯಸುತ್ತಿದ್ದರು, ಏಕೆಂದರೆ ಅವರ ಯಂತ್ರಗಳನ್ನು ಕೊಳ್ಳುತ್ತಿದ್ದ ಬ್ಯಾಂಕಿನವರು, ವಿಮೆ ಕಂಪನಿಯವರು ಹಾಗೆಯೇ ಉಡುಪು ತೊಡುತ್ತಿದ್ದರು. ಗಿರಾಕಿಗೆ ಗೌರವ ತೋರುವುದು ಅದರ ಉದ್ದೇಶವಾಗಿತ್ತು. ಅವರ ಮಗ ಕಿರಿಯ ವಾಟ್ಸನ್ 1971ರಲ್ಲಿ, ನಮ್ಮವರ ಉಡುಪು ವಿವೇಕದ ಎಲ್ಲೆ ಮೀರುತ್ತಿದೆ ಎಂದು ವ್ಯವಸ್ಥಾಪಕರಿಗೆ ಸುತ್ತೋಲೆ ಕಳಿಸಿದರು. 1993ರಲ್ಲಿ ಹೊರಗಿನಿಂದ ಬಂದು ಕಂಪನಿಯ ಚುಕ್ಕಾಣಿ ಹಿಡಿದ ಲೂಯಿಸ್ ಗರ್ಸ್ಟ್‌ನರ್ 1995ರಲ್ಲಿ ಆ ಕಟ್ಟಳೆಯನ್ನು ಕೈಬಿಟ್ಟರು. ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿದೆ: ಗಿರಾಕಿಯಂತೆ ಉಡುಪು ತೊಡಬೇಕೆಂಬುದು ಹಿರಿಯ ವಾಟ್ಸನ್ನರ ತಿಳಿವಳಿಕೆಯ ತಿರುಳು, ಕಾಲ ಕಳೆದಂತೆ ಗಿರಾಕಿಗಳ ಉಡುಪು ಬದಲಾಯಿತು, ಬಿಳಿ ಷರ್ಟು ಮಾತ್ರ ಉಳಿಯಿತು. ಕಾರಣ ಸತ್ತ ಮೇಲೂ ನಿಯಮ ಬದುಕಿತ್ತು.

ಬೆಂಗಳೂರಿನ ಕಂಪನಿಗಳು ಬೆಳೆದದ್ದೂ ಹೊರದೇಶದ ಗಿರಾಕಿಗಳ ಕೆಲಸದಿಂದ. ಅವರು ನಮ್ಮನ್ನು ನಂಬುವ ಮೊದಲು ನಮ್ಮ ಕಾಲರು ನೋಡುತ್ತಾರೆಂಬ ಅಳುಕು ಆ ಕಾಲದ ಹಿರಿಯರಲ್ಲಿ ಇದ್ದಿರಬೇಕು. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕ್ಲೈಂಟ್ ಮುಖವನ್ನೇ ನೋಡದೆ ರಾತ್ರಿ ಪಾಳಿಯಲ್ಲಿ ಕೂತು ಡೇಟಾಬೇಸ್ ಸರಿಪಡಿಸುತ್ತಿದ್ದವರಿಗೂ ಟೈ ಕಡ್ಡಾಯವಾಗಿದ್ದಾಗ, ಗರ್ಸ್ಟ್‌ನರ್ ಹೇಳಿದ ರೋಗ ನಮಗೂ ತಗುಲಿತ್ತು.

ಇದೇ ಊರಿನಲ್ಲಿ ಇದಕ್ಕೂ ಮೊದಲು ಇನ್ನೊಂದು ಪದ್ಧತಿ ಇತ್ತು ಎಂಬುದನ್ನು ನಮ್ಮ ಪೀಳಿಗೆ ಮರೆತಿದೆ. ವಿಮಾನದ ಎಚ್.ಎ.ಎಲ್., ಟೆಲಿಫೋನಿನ ಐ.ಟಿ.ಐ., ಯಂತ್ರೋಪಕರಣಗಳ ಎಚ್.ಎಂ.ಟಿ., ಎಲೆಕ್ಟ್ರಾನಿಕ್ಸ್‌ನ ಬಿ.ಇ.ಎಲ್. ಕಾರ್ಖಾನೆಗಳು ಬೆಂಗಳೂರನ್ನು ತಂತ್ರಜ್ಞಾನದ ಊರನ್ನಾಗಿ ಮಾಡಿದ್ದು 1940 ಮತ್ತು 50ರ ದಶಕಗಳಲ್ಲಿ. ಅಂಥ ಸಾರ್ವಜನಿಕ ಉದ್ದಿಮೆಗಳಲ್ಲಿ ಸಮವಸ್ತ್ರ ಬೇಕೆಂದರೆ ಉದ್ದಿಮೆಯೇ ಬಟ್ಟೆ ಕೊಡುತ್ತಿತ್ತು, ಹೊಲಿಗೆಯ ಕೂಲಿ ಕೊಡುತ್ತಿತ್ತು, ತೊಳೆಯುವುದಕ್ಕೆ ವಾಷಿಂಗ್ ಅಲವೆನ್ಸ್ ಎಂದು ಸಂಬಳದ ಜೊತೆ ಒಂದಿಷ್ಟು ಸೇರಿಸುತ್ತಿತ್ತು. ಬೇಕೆಂದವರೇ ದುಡ್ಡು ಕೊಡಬೇಕು ಎಂಬ ಈ ಸರಳ ನ್ಯಾಯ ಸಾಫ್ಟ್‌ವೇರ್ ಕಾಲಕ್ಕೆ ಬರುವಷ್ಟರಲ್ಲಿ ಕಾಣೆಯಾಯಿತು. ನಿಯಮ ಕಂಪನಿಯದು, ಖರ್ಚು ಮೊದಲ ಸಂಬಳ ಇನ್ನೂ ಕೈಗೆ ಬಾರದ ಹುಡುಗನದು. ಸ್ಟೀವ್ ಜಾಬ್ಸ್ ಜಪಾನಿನ ಸೋನಿ ಕಂಪನಿಗೆ ಹೋದಾಗ ಅಲ್ಲಿನ ಕೆಲಸಗಾರರೆಲ್ಲ ಸಮವಸ್ತ್ರದಲ್ಲಿರುವುದನ್ನು ಕಂಡು ಕಾರಣ ಕೇಳಿದರಂತೆ. ಯುದ್ಧ ಮುಗಿದಾಗ ಜನರಿಗೆ ತೊಡಲು ಬಟ್ಟೆಯೇ ಇರಲಿಲ್ಲ, ಕಂಪನಿಗಳೇ ಕೊಡಬೇಕಾಯಿತು, ಕ್ರಮೇಣ ಅದೇ ಗುರುತಾಯಿತು ಎಂದು ಸೋನಿಯ ಮುಖ್ಯಸ್ಥ ಅಕಿಯೊ ಮೊರಿಟಾ ವಿವರಿಸಿದರು. ಜಾಬ್ಸ್ ಮರಳಿ ಬಂದು ಆ್ಯಪಲ್‌ನಲ್ಲೂ ಒಂದು ಸಮವಸ್ತ್ರ ತರೋಣವೆಂದಾಗ ಅವರ ಕೆಲಸಗಾರರು ಕೂಗಿ ತಿರಸ್ಕರಿಸಿದರು. ಆಮೇಲೆ ಸೋನಿಯ ಸಮವಸ್ತ್ರ ರೂಪಿಸಿದ್ದ ವಿನ್ಯಾಸಕ ಇಸ್ಸೆ ಮಿಯಾಕೆ ಅವರಿಂದ ಕೊರಳು ಮುಚ್ಚುವ ಕಪ್ಪು ಟರ್ಟಲ್‌ನೆಕ್ ಅಂಗಿಗಳನ್ನು ಮಾಡಿಸಿಕೊಂಡು ಜಾಬ್ಸ್ ತಾವೇ ತೊಟ್ಟರು. ಅಲ್ಲಿಯ ಕೆಲಸಗಾರರಿಗೆ ಬೇಡ ಎನ್ನುವ ಬಲವಿತ್ತು, ಯಜಮಾನನಿಗೆ ತನಗೆ ಬೇಕಾದ್ದು ತೊಡುವ ಬಲವಿತ್ತು. ಇವೆರಡರಲ್ಲಿ ಯಾವ ಬಲವೂ ಇಲ್ಲದೆ ಬರುವವನ ಪಾಡು ಬೇರೆ.

ನಮ್ಮ ಕಡೆ ಬದಲಾವಣೆಯ ಒಂದು ಮೈಲಿಗಲ್ಲು 2015. ಆ ವರ್ಷದ ಜೂನ್‌ನಿಂದ ಇನ್ಫೋಸಿಸ್ ವಾರದ ಎಲ್ಲ ದಿನಗಳಲ್ಲೂ ಫಾರ್ಮಲ್ಸ್ ಅಲ್ಲದ ಸರಳ ಉಡುಪಿಗೆ ಅನುಮತಿ ಕೊಟ್ಟಿತು; ಅಷ್ಟರಲ್ಲಾಗಲೇ ಕೋರಮಂಗಲ, ಎಚ್.ಎಸ್.ಆರ್. ಲೇಔಟ್‌ಗಳ ಸ್ಟಾರ್ಟ್‌ಅಪ್‌ಗಳಲ್ಲಿ ಚಡ್ಡಿ, ಚಪ್ಪಲಿಗಳೂ ಸಾಮಾನ್ಯವಾಗಿದ್ದವು. 2023ರ ಅಕ್ಟೋಬರ್‌ನಲ್ಲಿ, ಕೋವಿಡ್ ಕಾಲದಲ್ಲಿ ಮನೆಯಿಂದಲೇ ಮಾಡುತ್ತಿದ್ದ ಕಚೇರಿ ಕೆಲಸ ಮುಗಿದು ಎಲ್ಲರನ್ನೂ ಕಚೇರಿಗೆ ಕರೆಯುತ್ತಿದ್ದ ಹೊತ್ತಿನಲ್ಲಿ, ಟಿ.ಸಿ.ಎಸ್. ತನ್ನವರಿಗೆ ಉಡುಪಿನ ಸೂಚನೆಗಳನ್ನು ಮತ್ತೆ ಬರೆದು ಕಳಿಸಿತು. ಆಗ ನಡೆದ ಚರ್ಚೆಯಲ್ಲಿ ಹೆಚ್ಚಿನವರು ಅದನ್ನು ಹಳೆಯ ಕಾಲಕ್ಕೆ ಮರಳುವ ಹೆಜ್ಜೆಯೆಂದು ಬೈದರು. ಅದರಲ್ಲಿನ ಒಂದೊಂದು ಸೂಚನೆಯನ್ನೂ ನಾನು ಸಮರ್ಥಿಸಲಾರೆ. ಬರೆದು ಕಳಿಸಿದ್ದನ್ನೇ ತಪ್ಪೆಂದು ಮಾತ್ರ ಹೇಳಲಾರೆ.

ಬರೆಯದ ನಿಯಮ ಹೇಗೆ ಕೆಲಸ ಮಾಡುತ್ತದೆಂದು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಇಂಟರ್‌ವ್ಯೂಗೆ ಕೊಪ್ಪಳದ ಕಡೆಯ ಹುಡುಗನೊಬ್ಬ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಹೊಸ ಬೂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಕೊಟ್ಟ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ತನ್ನ ಉತ್ತರದ ದೋಷವನ್ನು ತಾನೇ ಹುಡುಕಿ, ತಿದ್ದಿ ತೋರಿಸಿದ. ಅವನು ಹೊರಗೆ ಹೋದ ಮೇಲೆ ಜೀನ್ಸ್ ತೊಟ್ಟ ನಮ್ಮ ಗುಂಪಿನಲ್ಲಿ ಬಂದ ಮೊದಲ ಮಾತು, “ಒಳ್ಳೆಯವನೇ, ಆದರೆ ತುಂಬಾ ಫಾರ್ಮಲ್, ನಮ್ಮ ಕಲ್ಚರ್‌ಗೆ ಹೊಂದಿಕೊಳ್ಳುತ್ತಾನೋ ಇಲ್ಲವೋ” ಎಂಬುದು. ಅವನ ಕೋಡಿನ ಮಾತು ಅದರ ನಂತರ ಬಂತು. ಆ ಹುಡುಗ ಯಾವ ನಿಯಮವನ್ನೂ ಮುರಿದಿರಲಿಲ್ಲ. ಇಂಟರ್‌ವ್ಯೂಗೆ ನೀಟಾಗಿ ಹೋಗಬೇಕೆಂದು ಅವನ ಊರಿನ ಮೇಷ್ಟ್ರು, ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರು, ಮನೆಯ ಹಿರಿಯರು ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದ. ಅದು ನಮ್ಮಲ್ಲಿ ಅವನ ವಿರುದ್ಧ ಸಾಕ್ಷಿಯಾಯಿತು. ನಾನು ವಾದಿಸಿದೆ, ಇನ್ನೊಬ್ಬರು ಜೊತೆಗೂಡಿದರು, ಅವನನ್ನು ತೆಗೆದುಕೊಂಡೆವು. ಆದರೆ ವಾದಿಸಬೇಕಾಗಿ ಬಂದದ್ದೇ ಅನ್ಯಾಯ. ಇದೇ ಊರಿನಲ್ಲಿ ಬೆಳೆದು, ಅಕ್ಕನೋ ಮಾವನೋ ಇಂಥ ಕಂಪನಿಯಲ್ಲಿರುವ ಹುಡುಗನಿಗೆ ಫೋನಿನಲ್ಲಿ ಒಂದು ಮಾತು ಸಿಕ್ಕಿರುತ್ತದೆ: ಇಂಥ ಜೀನ್ಸ್ ಹಾಕು, ಮೇಲೊಂದು ಕಾಲರಿರುವ ಟೀ ಷರ್ಟ್, ಇಂಥ ಸ್ನೀಕರ್. ಆ ಸ್ನೀಕರಿನ ಬೆಲೆಯಲ್ಲಿ ನಮ್ಮ ಟೇಲರ್ ಕಾಕಾನ ನಾಲ್ಕು ಷರ್ಟು, ಎರಡು ಪ್ಯಾಂಟು ಹೊಲಿಗೆ ಸಮೇತ ಬರುತ್ತಿದ್ದವು.

ಹೆಣ್ಣುಮಕ್ಕಳ ವಿಷಯದಲ್ಲಿ ಬರೆದದ್ದೂ ಬರೆಯದ್ದೂ ಎರಡೂ ಭಾರ. ನಾನು ಕಂಡ ಉಡುಪಿನ ಪುಟಗಳಲ್ಲಿ ಗಂಡಸರ ಪಟ್ಟಿ ಬಟ್ಟೆಯ ಬಗ್ಗೆ ಇರುತ್ತಿತ್ತು, ಹೆಂಗಸರ ಪಟ್ಟಿ ಮೈಯ ಬಗ್ಗೆ ಇರುತ್ತಿತ್ತು: ತೋಳು ಎಲ್ಲಿಯವರೆಗೆ, ಕುತ್ತಿಗೆ ಎಷ್ಟು ಇಳಿ, ಮೊಣಕಾಲಿಗೆ ಎಷ್ಟು ಕೆಳಗೆ, ಚೂಡಿದಾರದ ಮೇಲೆ ವೇಲು ಬೇಕೇ ಬೇಡವೇ. ಇದನ್ನು ಅಳೆಯುವ ಅಧಿಕಾರ ಯಾರಿಗೆಂದು ಪುಟದಲ್ಲಿ ಇರುತ್ತಿರಲಿಲ್ಲವಾದ್ದರಿಂದ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಪಕ್ಕದ ಟೀಮಿನ ಹಿರಿಯರವರೆಗೆ ಎಲ್ಲರೂ ಅಳೆಯುತ್ತಿದ್ದರು. ಇನ್ನು ಬರೆಯದ ನಿಯಮಕ್ಕೆ ತಲೆಗೆಣ್ಣೆಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಕೊಬ್ಬರಿಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಕೆಲವೊಮ್ಮೆ ಹೂ ಮುಡಿದು ಮೊದಲ ದಿನ ಕಚೇರಿಗೆ ಬರುವ ಹುಡುಗಿ ಕೆಲವೇ ತಿಂಗಳಲ್ಲಿ ಎಣ್ಣೆ ಬಿಡುತ್ತಾಳೆ, ಹೂ ಬಿಡುತ್ತಾಳೆ, ಜಡೆ ಬಿಚ್ಚುತ್ತಾಳೆ. ಯಾವ ಎಚ್.ಆರ್. ಇದನ್ನು ಹೇಳಿರುವುದಿಲ್ಲ. ಅವಳಿಗೇ ಇಷ್ಟವಾಗಿ ಬಿಟ್ಟಿದ್ದರೆ ಸಂತೋಷ. ಊಟದ ಮೇಜಿನಲ್ಲಿ ಪಕ್ಕದವರು ಮೂಗು ಅರಳಿಸಿದ್ದರಿಂದ ಬಿಟ್ಟಿದ್ದರೆ ಅದು ಕಟ್ಟಳೆಯೇ.

ಇದಕ್ಕೆದುರಾಗಿ ನನ್ನ ಮನಸ್ಸಿನಲ್ಲಿ ನಿಲ್ಲುವುದು 2014ರ ಸೆಪ್ಟೆಂಬರ್ 24ರ ಒಂದು ಛಾಯಾಚಿತ್ರ. ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದ ಆ ಬೆಳಿಗ್ಗೆ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೇಷ್ಮೆ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಒಬ್ಬರನ್ನೊಬ್ಬರು ಅಪ್ಪಿ ಸಂಭ್ರಮಿಸುತ್ತಿದ್ದ ಆ ಚಿತ್ರ ಜಗತ್ತನ್ನೇ ಸುತ್ತಿತು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂಬ ಸ್ಪಷ್ಟನೆ ಆಮೇಲೆ ಬಂತು. ಆ ಯೋಜನೆಯಲ್ಲಿ ದುಡಿದ ಮಹಿಳಾ ವಿಜ್ಞಾನಿಗಳು, ಇಂಜಿನಿಯರುಗಳು ಅನೇಕರಿದ್ದರು ಎಂಬುದೂ ಅದರೊಂದಿಗೇ ಪ್ರಚಾರಕ್ಕೆ ಬಂತು. ಸೀರೆಗೂ ರಾಕೆಟ್ಟಿಗೂ ನಂಟು ಕಂಡು ಹೊರಗಿನವರು ಬೆರಗಾದರು. ನನ್ನ ಗಮನ ಹೋಗುವುದು ಆ ಕಟ್ಟಡದ ಒಳಗಿದ್ದ ಯಾರಿಗೂ ಅದು ಬೆರಗಾಗಿರಲಿಲ್ಲ ಎಂಬುದರ ಕಡೆಗೆ. ಕಡತ ನೋಡುವವರೂ ಕಕ್ಷೆಯ ಲೆಕ್ಕ ಹಾಕುವವರೂ ಅಲ್ಲಿ ಮನೆಯಿಂದ ಹೊರಟ ಉಡುಪಿನಲ್ಲೇ ಕೆಲಸಕ್ಕೆ ಕೂರುತ್ತಾರೆ. ಅದೇ ಊರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಸೀರೆಗೆ ಎಥ್ನಿಕ್ ಡೇ ಬೇಕು, ಇಲ್ಲವೇ ಆಯುಧಪೂಜೆ ಬೇಕು. ಬೇರೆ ದಿನ ಉಟ್ಟು ಬಂದರೆ “ಇವತ್ತು ಏನು ವಿಶೇಷ?” ಎಂಬ ಪ್ರಶ್ನೆ ಲಿಫ್ಟಿನಿಂದಲೇ ಆರಂಭವಾಗುತ್ತದೆ. ಸೀರೆಯನ್ನು ನಿಷೇಧಿಸಿದವರು ಯಾರೂ ಇಲ್ಲ, ಉಡುವವರೂ ಹೆಚ್ಚಿಲ್ಲ.

ಹಾಗಾದರೆ ತಂತ್ರಜ್ಞರ ಉಡುಪಿಗೆ ನಿಯಮವೇ ಬೇಡವೇ ಎಂದರೆ, ಬೇಕು, ಮತ್ತು ಎಂಥದು ಬೇಕೆಂಬುದನ್ನು ನಾನು ಕಲಿತದ್ದು ಹಾರ್ಡ್‌ವೇರ್ ಲ್ಯಾಬಿನಿಂದ. ನಮ್ಮ ಬೆರಳಿಗೆ ಸ್ಥಾಯೀ ವಿದ್ಯುತ್ತಿನ ಚುರುಕು ತಾಗಿದ್ದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಅದಕ್ಕಿಂತ ಬಹಳ ಕಡಿಮೆಯಲ್ಲೇ, ನಮಗೆ ಅರಿವಿಲ್ಲದಂತೆಯೇ, ಒಂದು ಚಿಪ್ ಕೆಟ್ಟುಹೋಗಬಹುದು. ಅದಕ್ಕೆಂದೇ ಅಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ನೆಲಕ್ಕೆ ಜೋಡಿಸುತ್ತಾರೆ, ಮೈಗೆ ಪ್ರತ್ಯೇಕ ಕೋಟು ಕೊಡುತ್ತಾರೆ. ಉಪಗ್ರಹಗಳನ್ನು ಜೋಡಿಸುವ ಕ್ಲೀನ್ ರೂಮುಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. ಮನುಷ್ಯನ ಚರ್ಮ ಮತ್ತು ಕೂದಲಿನಿಂದ ಸದಾ ಉದುರುವ ಕಣಗಳೇ ಅಲ್ಲಿ ದೊಡ್ಡ ಶತ್ರುವಾದ್ದರಿಂದ ತಲೆಗೆ ಕುಲಾವಿ, ಗಡ್ಡಕ್ಕೆ ಮುಸುಕು, ಕಾಲಿಗೆ ಕವಚ. ಪೌಡರ್ ಇಲ್ಲ, ಸೆಂಟ್ ಇಲ್ಲ. ತೊಡುವುದಕ್ಕೂ ಕ್ರಮವಿದೆ, ಮೇಲಿನಿಂದ ಕೆಳಗೆ, ಮೊದಲು ತಲೆ, ಕೊನೆಗೆ ಕಾಲು. ನಿರ್ದೇಶಕರು ಬಂದರೂ ಅದನ್ನೇ ತೊಡಬೇಕು, ನೆಲ ಒರೆಸುವವರೂ ಅದನ್ನೇ ತೊಡಬೇಕು, ಕೊಡುವುದು ಸಂಸ್ಥೆ, ತೊಳೆಸುವುದು ಸಂಸ್ಥೆ. ಈ ಉಡುಪಿನ ಸೆಕೆಯ ಬಗ್ಗೆ ಗೊಣಗಿದವರನ್ನು ಕಂಡಿದ್ದೇನೆ, ಇದರಿಂದ ಅವಮಾನವಾಯಿತು ಎಂದವರನ್ನು ಕಂಡಿಲ್ಲ.

ಮೈನೈರ್ಮಲ್ಯದ ಮಾತು ಇದಕ್ಕಿಂತ ಕಷ್ಟ. ಎ.ಸಿ. ಕೋಣೆಯಲ್ಲಿ ಎಂಟು ಹತ್ತು ಜನ ಒತ್ತೊತ್ತಾಗಿ ಕೂರುವಾಗ ಬೆವರಿನ ವಾಸನೆ ಸಹೋದ್ಯೋಗಿಗಳಿಗೆ ನಿಜವಾದ ತೊಂದರೆಯೇ. ಆದರೆ ಎಲ್ಲರಿಗೂ ಒಟ್ಟಾಗಿ ಸುತ್ತೋಲೆ ಕಳಿಸಿ ಒಬ್ಬನನ್ನು ಚುಚ್ಚುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಬೆಳೆದಿದೆ. ಅದು ಯಾರನ್ನು ಕುರಿತದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಅವನಿಗೂ ಗೊತ್ತಾಗುತ್ತದೆ. ಒಬ್ಬರೇ ಒಬ್ಬರು, ಅವನಿಗೆ ಹತ್ತಿರದವರು, ಬಾಗಿಲು ಹಾಕಿಕೊಂಡು ಎರಡು ನಿಮಿಷ ನೇರವಾಗಿ ಮಾತನಾಡಿದರೆ ಸಾಕು. ಮಾತನಾಡುವಾಗ ಅವನು ದಿನವೂ ಹೇಗೆ ಬರುತ್ತಾನೆಂದೂ ಕೇಳಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಒಂದೂವರೆ ಗಂಟೆ ಬೈಕಿನ ಮೇಲೆ ಬೇಯುವವನಿಗೂ ಕ್ಯಾಬಿನಲ್ಲಿ ಬರುವವನಿಗೂ ಬೆಳಗಿನ ಹತ್ತು ಗಂಟೆ ಒಂದೇ ಅಲ್ಲ. ಸೈಕಲ್, ಬೈಕುಗಳಲ್ಲಿ ಬರುವವರಿಗೆ ಮುಖ ತೊಳೆದು ಅಂಗಿ ಬದಲಿಸಲು ಒಂದು ಕೋಣೆ, ಒಂದು ಲಾಕರ್ ಇಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎಂಬುದು ನನ್ನ ಅನುಭವ.

ನಿಯಮವನ್ನು ಯಾರು ಬರೆಯಬೇಕು ಎಂಬ ಪ್ರಶ್ನೆಯೂ ಇದೆ. 1946ರ ಸ್ಥಾಯೀ ಆದೇಶಗಳ ಕಾಯ್ದೆಯ ಪ್ರಕಾರ ಕೈಗಾರಿಕೆಗಳು ತಮ್ಮ ಸೇವಾ ನಿಯಮಗಳ ಕರಡನ್ನು ಅಧಿಕಾರಿಗೆ ಸಲ್ಲಿಸಬೇಕಿತ್ತು, ಕಾರ್ಮಿಕರ ಆಕ್ಷೇಪ ಕೇಳಿದ ಮೇಲೆಯೇ ಅವು ಜಾರಿಗೆ ಬರುತ್ತಿದ್ದವು. ಕರ್ನಾಟಕ ಸರ್ಕಾರ ಐ.ಟಿ. ಕಂಪನಿಗಳಿಗೆ ಈ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ನೀಡುತ್ತ ಬಂದು, 2024ರಲ್ಲಿ ಇನ್ನೂ 5 ವರ್ಷಕ್ಕೆ ವಿಸ್ತರಿಸಿತು. ಕುಂದುಕೊರತೆ ಸಮಿತಿ ಇರಬೇಕೆಂಬುದು ಅದರ ಷರತ್ತುಗಳಲ್ಲೊಂದಾಗಿತ್ತು. ಉಡುಪಿನ ವಿಷಯವನ್ನು ಆ ಸಮಿತಿಯ ಮುಂದಿಟ್ಟ ಕಂಪನಿಯನ್ನು ನಾನು ಕಂಡಿಲ್ಲ. ಯಾರನ್ನೂ ಕೇಳದೆ ಬರುವ ಒಂದು ಇ-ಮೇಲ್, ಅಥವಾ ಆ ಇ-ಮೇಲೂ ಇಲ್ಲದ ಮೌನ, ಇವೆರಡೇ ನಮ್ಮ ಪಾಲಿಗೆ ಉಳಿದಿವೆ. ಹೊಸದಾಗಿ ಬಂದವರನ್ನು ಕೇಳಿ ಬರೆಯುವ ಮೂರನೆಯ ದಾರಿಯೊಂದಿದೆ ಎಂದು ನಮ್ಮ ತಂಡದಲ್ಲಿ ಅದನ್ನು ಮಾಡಿ ನೋಡಿದೆವು.

ಕಳೆದ ವರ್ಷ ಸೇರಿದ ಹುಡುಗ ಹುಡುಗಿಯರನ್ನೇ ಕೂರಿಸಿಕೊಂಡು, ಮೊದಲ ದಿನಕ್ಕೆ ಮುನ್ನ ನಿಮಗೆ ಏನು ಗೊತ್ತಿರಬೇಕಿತ್ತು ಎಂದು ಕೇಳಿ ಬರೆದ ಒಂದು ಪುಟ ಈಗ ನಮ್ಮಲ್ಲಿದೆ. ಇಂಟರ್‌ವ್ಯೂಗೆ ಬರುವವರಿಗೆ ಕಳಿಸುವ ಪತ್ರದಲ್ಲೇ, ನಿಮ್ಮ ಉಡುಪಿಗೆ ಅಂಕವಿಲ್ಲ, ಫಾರ್ಮಲ್ಸ್ ಆದರೂ ಸರಿ, ದಿನನಿತ್ಯದ ಬಟ್ಟೆಯಾದರೂ ಸರಿ ಎಂದು ಸೇರಿಸಿದ್ದೇವೆ. ಇಂಟರ್‌ವ್ಯೂ ಮಾಡುವವರ ಟಿಪ್ಪಣಿಯಲ್ಲಿ ಉಡುಪಿನ ಮಾತು ಬಂದರೆ ಆ ಸಾಲನ್ನು ಹೊಡೆದುಹಾಕುತ್ತೇವೆ. ಕ್ಲೈಂಟ್ ಎದುರಿಗೆ ಕೂರುವ ದಿನ ಕಾಲರಿರುವ ಷರ್ಟು ಅಥವಾ ಅದಕ್ಕೆ ಸಮನಾದ ಸೀರೆ, ಕುರ್ತಾ. ಲ್ಯಾಬಿಗೆ ಹೋಗುವಾಗ ಮುಚ್ಚಿದ ಪಾದರಕ್ಷೆ ಮತ್ತು ಅಲ್ಲಿ ಕೊಡುವ ಕೋಟು. ಉಳಿದ ದಿನ ಒಗೆದ ಯಾವ ಬಟ್ಟೆಯಾದರೂ ನಡೆಯುತ್ತದೆ. ತಲೆಗೂದಲು, ಗಡ್ಡ, ಕುಂಕುಮ, ಹೂ, ಬಳೆ, ತಲೆವಸ್ತ್ರ ಇವುಗಳ ಬಗ್ಗೆ ಯಾರೂ ಯಾರಿಗೂ ಏನೂ ಹೇಳತಕ್ಕದ್ದಲ್ಲ ಎಂಬ ಸಾಲನ್ನು ಸೇರಿಸಿದವಳು ರಾಯಚೂರಿನ ಹುಡುಗಿ. ಗಂಡಸರಿಗೊಂದು ಹೆಂಗಸರಿಗೊಂದು ಪಟ್ಟಿ ಬೇಡವೆಂದವಳೂ ಅವಳೇ. ಕಂಪನಿಯ ಹೆಸರಿರುವ ಟೀ ಷರ್ಟ್ ತೊಡಲೇಬೇಕಾದ ದಿನ ಅದನ್ನು ಕಂಪನಿಯೇ ಕೊಡಬೇಕು, ಎಲ್ಲ ಅಳತೆಗಳಲ್ಲೂ ಕೊಡಬೇಕು ಎಂಬುದನ್ನು ಎಚ್.ಆರ್.ನವರು ಒಪ್ಪಿದರು. ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರ ಸಮವಸ್ತ್ರದ ದುಡ್ಡನ್ನು ಏಜೆನ್ಸಿಯವರು ಸಂಬಳದಲ್ಲಿ ಹಿಡಿಯುತ್ತಿದ್ದಾರೆಯೇ ಎಂದು ಅದೇ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ. ಅದನ್ನು ಲಿಖಿತವಾಗಿ ಕೇಳಿದ್ದೇವೆ. ಉತ್ತರ ಬಂದ ಮೇಲೆ ಆ ವಿಷಯವೂ ಪುಟಕ್ಕೆ ಸೇರುತ್ತದೆ.